ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್: ದುಡ್ಡಿಗೂ ಭಾಷೆಗೂ ಏನು ತಯಾರಿ ಬೇಕು?

ಅಲೆಮಾರಿ:
ಆಸ್ಟ್ರಿಯಾದಲ್ಲಿ ಯೂರೋ, ಚೆಕ್‌ನಲ್ಲಿ ಕೊರುನಾ, ಹಂಗೇರಿಯಲ್ಲಿ ಫೋರಿಂಟ್. ಮೂರನ್ನೂ ಹೊರಡುವ ಮುಂಚೆಯೇ ಕೊಂಡಿಟ್ಟುಕೊಳ್ಳಬೇಕಾ, ಕಾರ್ಡ್ ಸಾಕಾ? ಅಲ್ಲಿನ ಭಾಷೆ ಒಂದೂ ಬಾರದವರು ಹೇಗೆ ನಿಭಾಯಿಸೋದು?

ನಕ್ಷೆಗಾರ:
ಮೂರೂ ಬೇಡ. ನೂರು ಯೂರೋ ಇರಲಿ, 10 ಮತ್ತು 20ರ ನೋಟುಗಳಲ್ಲಿ. ಮಿಕ್ಕಿದ್ದನ್ನು ಆಯಾ ಊರಿನ ಬ್ಯಾಂಕ್ ಎಟಿಎಂನಲ್ಲಿ ತೆಗೆಯಿರಿ. ದುಡ್ಡು ಸೋರುವುದು ಪರದೆಯ ಮೇಲೆ ಬರುವ ಒಂದು ಪ್ರಶ್ನೆಯಲ್ಲಿ: ನಿಮ್ಮ ದೇಶದ ಕರೆನ್ಸಿಯಲ್ಲಿ ಕಡಿತ ಮಾಡಬೇಕೇ? ಎಟಿಎಂ, ಅಂಗಡಿಯ ಕಾರ್ಡ್ ಮಷಿನ್ ಎರಡೂ ಇದನ್ನು ಕೇಳುತ್ತವೆ. ಪ್ರತಿ ಸಲವೂ ಸ್ಥಳೀಯ ಕರೆನ್ಸಿಯನ್ನೇ ಒತ್ತಿ. ಇಲ್ಲದಿದ್ದರೆ ದರ ನಿಗದಿ ಮಾಡುವವರು ಮಷಿನ್‌ನವರು, ಅವರ ಲಾಭವೂ ಅದರೊಳಗೇ ಸೇರಿರುತ್ತದೆ. 'ಪರಿವರ್ತನೆ ಬೇಡ' ಎಂದು ಒತ್ತಿದರೆ ವ್ಯವಹಾರವೇ ರದ್ದಾಗುತ್ತದೆ ಅನ್ನಿಸುವಂತೆ ಕೆಲವು ಎಟಿಎಂಗಳಲ್ಲಿ ಬರೆದಿರುತ್ತಾರೆ. ಹೆದರಬೇಡಿ, ದುಡ್ಡು ಬರುತ್ತದೆ. ಎಟಿಎಂ ಶುಲ್ಕ ಬೇರೆ, ಅದೂ ಪರದೆಯಲ್ಲಿ ಕಾಣುತ್ತದೆ. ಜಾಸ್ತಿ ಅನ್ನಿಸಿದರೆ ರದ್ದು ಮಾಡಿ ಬೇರೆ ಬ್ಯಾಂಕಿಗೆ ಹೋಗಿ.

ಎರಡು ಕಾರ್ಡ್ ಒಯ್ಯಿರಿ, ಬೇರೆ ಬೇರೆ ಚೀಲದಲ್ಲಿ. ಪಿನ್ ಬಾಯಿಪಾಠ ಇರಲಿ: ಯೂರೋ ದೇಶಗಳಲ್ಲಿ ಸಾಮಾನ್ಯವಾಗಿ 50 ಯೂರೋ ಮೀರಿದರೆ ಕಾರ್ಡ್ ತಾಗಿಸಿದ ಮೇಲೂ ಪಿನ್ ಕೇಳುತ್ತದೆ.

ರೈಲುಪ್ರಿಯ:
ಪ್ರಾಗ್‌ನಲ್ಲಿ 'ಕಮಿಷನ್ 0%' ಎಂಬ ಬೋರ್ಡಿಗೆ ಮರುಳಾಗಬೇಡಿ, ಕಮಿಷನ್ ದರದಲ್ಲೇ ಅಡಗಿರಬಹುದು. '100 ಯೂರೋಗೆ ಕೈಗೆ ಎಷ್ಟು ಕೊರುನಾ?' ಎಂದು ಕೇಳಿ, ಉತ್ತರ ಬರೆಸಿಕೊಂಡ ಮೇಲೆ ನೋಟು ಕೊಡಿ. 2019ರ ಏಪ್ರಿಲ್‌ನಿಂದ ಚೆಕ್ ಕಾನೂನಿನಲ್ಲಿ 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು, ಹಾಗಾಗಿ ರಸೀದಿ ಬಿಸಾಡಬೇಡಿ. ಬೀದಿಯಲ್ಲಿ ದುಡ್ಡು ಬದಲಿಸಿಕೊಡುತ್ತೇನೆ ಎನ್ನುವವರ ಹತ್ತಿರ ನಿಲ್ಲಲೇಬೇಡಿ.

ಮಾತುಗಾರ:
ಭಾಷೆಗೆ, ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಜರ್ಮನ್, ಚೆಕ್, ಹಂಗೇರಿಯನ್ ಮೂರನ್ನೂ ಮನೆಯಲ್ಲೇ ಆಫ್‌ಲೈನ್‌ಗೆ ಇಳಿಸಿಕೊಳ್ಳಿ. ಒಂದು ಸಲಕ್ಕೆ ಒಂದೇ ಚಿಕ್ಕ ವಾಕ್ಯ ಹಾಕಿ, ಉದ್ದವಾದಷ್ಟೂ ಅರ್ಥ ಕೆಡುತ್ತದೆ. ಯಾವುದಾದರೂ ಆಹಾರ ಅಲರ್ಜಿಯಿದ್ದರೆ ಮಾತ್ರ ಆಪ್ ನಂಬಬೇಡಿ. ಭಾಷೆ ಬಲ್ಲವರಿಂದ ಬರೆಸಿದ ಚೀಟಿ ಜೇಬಿನಲ್ಲಿರಲಿ.

ನಿಜವಾದ ಎಡವಟ್ಟು ಅಂಕಿಗಳಲ್ಲಿ. ಕೈಬರಹದ 1 ನಮ್ಮ ಕಣ್ಣಿಗೆ 7ರಂತೆ ಕಾಣುತ್ತದೆ. ಅವರ 7ಕ್ಕೆ ಹೆಚ್ಚಾಗಿ ನಡುವೆ ಅಡ್ಡಗೀಟು ಇರುತ್ತದೆ. ದಶಾಂಶಕ್ಕೆ ಅಲ್ಪವಿರಾಮ: 12,50 ಎಂದರೆ ಹನ್ನೆರಡೂವರೆ. ಜರ್ಮನ್‌ನಲ್ಲಿ ಗಂಟೆ ಹೇಳುವಾಗ 'ಹಾಲ್ಪ್ ದ್ರೈ' (ಪದಶಃ 'ಅರ್ಧ ಮೂರು') ಎಂದರೆ ಮೂರೂವರೆಯಲ್ಲ, ಎರಡೂವರೆ. ಆದ್ದರಿಂದ ಸಮಯ, ಮೊತ್ತ ಯಾವುದೇ ಇರಲಿ, ಬರೆದು ತೋರಿಸಿ. ಬುಡಾಪೆಸ್ಟ್‌ನಲ್ಲಿ ಕೆಲೆತಿ, ನ್ಯುಗತಿ, ದೇಲಿ ಎಂದು ಮೂರು ದೊಡ್ಡ ನಿಲ್ದಾಣಗಳಿವೆ. ಟಿಕೆಟ್‌ನಲ್ಲಿ ಯಾವುದಿದೆ ನೋಡಿಕೊಂಡು ಹೊರಡಿ.

ಅಲೆಮಾರಿ:
ಅಲ್ಲಿಂದ ಆನ್‌ಲೈನ್‌ನಲ್ಲಿ ಟಿಕೆಟ್ ಕೊಳ್ಳುವಾಗ ಒಟಿಪಿ ಬರದಿದ್ದರೆ?

ನಕ್ಷೆಗಾರ:
ಒಟಿಪಿ ಬರುವ ನಿಮ್ಮ ಹಳೆಯ ಸಿಮ್ ತೆಗೆಯಬೇಡಿ. ಅದಕ್ಕೆ ರೋಮಿಂಗ್ ಆನ್ ಮಾಡಿಸಿ ಡೇಟಾ ಆಫ್ ಮಾಡಿ, ಇಂಟರ್ನೆಟ್‌ಗೆ ಇ-ಸಿಮ್ (ಕಾರ್ಡ್ ಹಾಕದೆ ಫೋನ್‌ಗೇ ಇಳಿಸಿಕೊಳ್ಳುವ ಸಿಮ್) ಬಳಸಿ. ದೂರದ ರೈಲುಗಳ ಟಿಕೆಟ್ ಹೊರಡುವ ಮುಂಚೆಯೇ ಮಾಡಿಕೊಂಡರೆ ಈ ತಲೆನೋವೇ ಇರುವುದಿಲ್ಲ.