ಚಿನ್ನ ಬಿಟ್ಟು 12 ಲಕ್ಷ ಇದೆ, ಮುಂಬಯಿಯಲ್ಲಿ ಮದುವೆ ಮುಗಿಯುತ್ತದಾ?

ಪ್ರಶ್ನೆ (ಡೊಂಬಿವಿಲಿಯ ಸದಸ್ಯೆ): ನಮಸ್ಕಾರ ಅಣ್ಣ. ಮಗಳ ಮದುವೆ ಡಿಸೆಂಬರ್‌ನಲ್ಲಿ ಇಟ್ಟುಕೊಂಡಿದ್ದೇವೆ. ಹುಡುಗನ ಮನೆ ಥಾಣೆಯಲ್ಲಿ, ಎರಡೂ ಕಡೆಯವರ ಊರು ಉಡುಪಿ ಹತ್ತಿರ. ಚಿನ್ನ ಬಿಟ್ಟು 12 ಲಕ್ಷ ಇದೆ, ಅದರ ಮೇಲೆ ಹೋಗುವ ಶಕ್ತಿ ನಮಗಿಲ್ಲ. ಡೆಕೋರೇಶನ್, ಫೋಟೋ, ಸೀರೆ, ಕಾರ್ಡು, ಹಾಲ್, ಊಟ ಅಂತ ಪಟ್ಟಿ ಬರೆಯುತ್ತಾ ಹೋದೆ, 19 ಲಕ್ಷಕ್ಕೆ ಬಂದು ನಿಂತಿತು. ಕಾರ್ಡು ಸಾದಾ ಮಾಡಿಸೋಣ, ಹೂವು ಕಡಿಮೆ ಮಾಡೋಣ ಅಂತಾರೆ ನಮ್ಮನೆಯವರು. ನೀವು ಎಷ್ಟೋ ವರ್ಷದಿಂದ ಮದುವೆ ಕಾಂಟ್ರಾಕ್ಟ್ ಮಾಡುವವರು, ಎಲ್ಲಿ ಕತ್ತರಿ ಹಾಕಲಿ ಹೇಳಿ.

ಉತ್ತರ: ಅಕ್ಕ, ಕಾರ್ಡು, ಹೂವಿನಲ್ಲಿ ಉಳಿಸಿ 7 ಲಕ್ಷ ಇಳಿಯುವುದಿಲ್ಲ. ಗಿರ್‌ಗಾಂವ್‌ನ ಖಾಡಿಲ್ಕರ್ ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿ ಚೌಕಾಸಿ ಮಾಡಿದರೂ ಕಾರ್ಡಿನಲ್ಲಿ ಉಳಿಯುವುದು ಕೆಲವು ಸಾವಿರ. ಹೂವು ದಾದರ್ ಮಾರ್ಕೆಟ್ಟಿನಿಂದ ತಂದರೂ ಅಷ್ಟೇ. ಇಷ್ಟೆಲ್ಲಾ ಬರೆದಿದ್ದೀರಿ, ಜನ ಎಷ್ಟು ಅಂತ ಮಾತ್ರ ಎಲ್ಲೂ ಬರೆದಿಲ್ಲ ನೋಡಿ. ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಮನೆಯವರು ಹೀಗೇ ಬರುತ್ತಾರೆ. ಹಾಲ್ ಎಷ್ಟು ದೊಡ್ಡದು, ಊಟ ಎಷ್ಟು, ತಾಂಬೂಲದ ಚೀಲ ಎಷ್ಟು, ರೂಮು ಎಷ್ಟು, ಗಾಡಿ ಎಷ್ಟು, ಎಲ್ಲದಕ್ಕೂ ಮೂಲ ಆ ತಲೆ ಲೆಕ್ಕವೇ.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಊಟಕ್ಕೆ ₹700 ಅಂದುಕೊಳ್ಳಿ. 600 ಜನಕ್ಕೆ ₹4,20,000, ಅದರ ಮೇಲೆ 5% ಜಿ.ಎಸ್.ಟಿ. ಸೇರಿ ₹4,41,000. ಅದೇ 350 ಜನ ಆದರೆ ತೆರಿಗೆ ಸೇರಿ ₹2,57,250. ಒಂದೇ ಹೊತ್ತಿನ ಊಟದಲ್ಲಿ ₹1,83,750 ವ್ಯತ್ಯಾಸ, ಬೆಳಿಗ್ಗೆಯ ತಿಂಡಿ, ಮೆಹಂದಿ ರಾತ್ರಿಯ ಊಟ ಇನ್ನೂ ಸೇರಿಸಿಲ್ಲ. ಹಾಲ್ ಕೂಡ ಚಿಕ್ಕದು ಸಾಕಾಗುತ್ತದೆ, ಚಿಕ್ಕ ಹಾಲ್‌ಗೆ ಡೆಕೋರೇಶನ್ನೂ ಕಡಿಮೆ.

ಹಾಗಾಗಿ ಇವತ್ತು ರಾತ್ರಿ ಒಂದು ನೋಟ್‌ಬುಕ್ ಹಿಡಿದು ಮೂರು ಸಾಲು ಮಾಡಿ. ಮನೆಯವರು ಒಂದು ಸಾಲು. ಕರೆಯದಿದ್ದರೆ ಬೇಜಾರಾಗುವವರು ಇನ್ನೊಂದು. "ಅವರ ಮನೆ ಮದುವೆಗೆ ನಮ್ಮನ್ನು ಕರೆದಿದ್ದರಲ್ವಾ" ಅಂತ ಸೇರುವವರು ಮೂರನೆಯದು. ಪಟ್ಟಿ ಊದುವುದು ಈ ಮೂರನೆಯ ಸಾಲಿನಲ್ಲಿ: ಆಫೀಸು, ಸಂಘ, ಭಜನಾ ಮಂಡಳಿ, ಮೊದಲು ಇದ್ದ ಚಾಳಿನ (ಸಾಲುಮನೆಯ) ಪಕ್ಕದ ಮನೆಯವರು. ಸೊಸೈಟಿಯ ನೋಟಿಸ್ ಬೋರ್ಡಿಗೆ ಕಾರ್ಡು ಅಂಟಿಸುವ ಅಭ್ಯಾಸ ಇದೆಯಲ್ಲ, ದಯವಿಟ್ಟು ಬೇಡ. ಇಡೀ ಬಿಲ್ಡಿಂಗಿನಿಂದ ನಾಲ್ಕು ಜನ ಬರುತ್ತಾರೋ ನಲವತ್ತು ಜನ ಬರುತ್ತಾರೋ ದೇವರಿಗೂ ಗೊತ್ತಾಗಲ್ಲ, ಅಡುಗೆ ಮಾತ್ರ ನಲವತ್ತಕ್ಕೇ ಹೇಳಬೇಕಾಗುತ್ತದೆ.

ಇನ್ನು ಹಾಲ್. ಮಾಟುಂಗಾ, ಕುರ್ಲಾ, ಸಾಂತಾಕ್ರೂಜ್ ಕಡೆ ನಮ್ಮವರ ಸಂಘಗಳ ಹಾಲ್‌ಗಳಿವೆ, ಸದಸ್ಯರಿಗೆ ರಿಯಾಯಿತಿ ಇದೆಯಾ ಅಂತ ಮೊದಲು ಅಲ್ಲೇ ವಿಚಾರಿಸಿ. ತುಳಸಿ ಲಗ್ನ ಆದ ಮೇಲೆ ಮರಾಠಿಗರ ಮದುವೆಗಳೂ ಶುರು, ಡಿಸೆಂಬರ್‌ನ ಶನಿವಾರ, ಭಾನುವಾರ ಬೇಗ ಹೋಗುತ್ತವೆ. ಮುಹೂರ್ತ ಮಂಗಳವಾರವೋ ಬುಧವಾರವೋ ಸಿಕ್ಕಿದರೆ ಬೇಜಾರು ಮಾಡಬೇಡಿ, ದರ ಇಳಿಸಿ ಕೇಳಲು ಧೈರ್ಯ ಬರುತ್ತದೆ, ಜನವೂ ತಾನಾಗಿ ಕಡಿಮೆ ಆಗುತ್ತದೆ. ಹಾಲ್‌ನವರ ಕೊಟೇಶನ್ನಿನಲ್ಲಿ ಮೇಲೆ ದಪ್ಪ ಅಕ್ಷರದ ಬಾಡಿಗೆ ನೋಡಿ ಮುಗಿಸಬೇಡಿ, ಕೆಳಗಿನ ಸಣ್ಣ ಸಾಲುಗಳನ್ನು ಓದಿ. ಬಾಡಿಗೆಗೆ 18% ಜಿ.ಎಸ್.ಟಿ., ಕರೆಂಟು ಮೀಟರ್ ಪ್ರಕಾರ, ಕ್ಲೀನಿಂಗ್ ಬೇರೆ, ಹೊರಗಿನ ಡೆಕೋರೇಟರ್ ತಂದರೆ ರಾಯಲ್ಟಿ ಅಂತ ಇನ್ನೊಂದು, ಹೊತ್ತು ಮೀರಿದರೆ ಗಂಟೆಗೆ ಇಷ್ಟು ಅಂತ ಮತ್ತೊಂದು. ಇಷ್ಟೂ ಕೂಡಿಸಿದ ಮೇಲೆ ಬರುವುದೇ ಹಾಲ್‌ನ ನಿಜವಾದ ರೇಟು. ದೊಡ್ಡ ಹೋಟೆಲಿನ ಬ್ಯಾಂಕ್ವೆಟ್ ಆದರೆ ಊಟಕ್ಕೂ 18% ಬೀಳುತ್ತದೆ, ನೆನಪಿರಲಿ.

ಕೇಟರಿಂಗ್‌ನವರ ಹತ್ತಿರ ಎರಡು ಮಾತು ಬರವಣಿಗೆಯಲ್ಲಿ ತೆಗೆದುಕೊಳ್ಳಿ: ಕನಿಷ್ಠ ಎಷ್ಟು ಪ್ಲೇಟಿನ ಗ್ಯಾರಂಟಿ, ಅದರ ಮೇಲೆ ಹೋದರೆ ಪ್ಲೇಟಿಗೆ ಎಷ್ಟು. 350 ಜನ ಬರಬಹುದು ಅನಿಸಿದರೆ ಗ್ಯಾರಂಟಿ 300 ಹೇಳಿ, 50 ಎಕ್ಸ್‌ಟ್ರಾಗೆ ತಯಾರಿ ಇಡಲು ಹೇಳಿ. ಆ ದಿನ ನಿಮ್ಮ ಕಡೆಯ ಒಬ್ಬ ಹುಡುಗ ಪ್ಲೇಟ್ ಜೋಡಿಸಿದ ಟೇಬಲ್ ಹತ್ತಿರ ನಿಲ್ಲಲಿ. ಊಟ ಶುರುವಾಗುವ ಮೊದಲು ಒಟ್ಟು ಪ್ಲೇಟ್ ಎಣಿಸಬೇಕು, ಮುಗಿದ ಮೇಲೆ ಉಳಿದದ್ದು ಎಣಿಸಬೇಕು, ಎರಡನ್ನೂ ಬರೆದು ಸೂಪರ್‌ವೈಸರ್ ಸಹಿ ಹಾಕಿಸಬೇಕು. ಬಾಳೆಲೆ ಊಟ ಆದರೆ ಇನ್ನೂ ಸುಲಭ, ಪಂಕ್ತಿಗೆ ಎಷ್ಟು ಎಲೆ, ಎಷ್ಟು ಪಂಕ್ತಿ ಎದ್ದಿತು, ಅಷ್ಟೇ. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಸುಸ್ತಾಗಿ ಕೂತಾಗ ಬಿಲ್ ಹಿಡಿದು ಜಗಳ ಆಡುವುದು ತಪ್ಪುತ್ತದೆ.

ಪ್ರಶ್ನೆ (ಅದೇ ಸದಸ್ಯೆ): ಹಾಗಾದರೆ ಮದುವೆ ಊರಲ್ಲಿ ಮಾಡಿ, ಇಲ್ಲಿ ಸಣ್ಣ ರಿಸೆಪ್ಶನ್ ಇಟ್ಟರೆ ಹೇಗೆ? ಊರಲ್ಲಿ ಎಲ್ಲಾ ಅಗ್ಗ ಅಲ್ವಾ?

ಉತ್ತರ: ಹಾಲ್, ಊಟ ಅಗ್ಗ, ಒಪ್ಪಿದೆ. ಆದರೆ ಫೋಟೋದವರು ಎರಡು ದಿನ, ಸ್ಟೇಜು ಎರಡು, ಮೇಕಪ್ ಎರಡು, ನಿಮ್ಮ ಕಡೆ, ಹುಡುಗನ ಕಡೆ ಸೇರಿ ಇಲ್ಲಿಂದ ಹೋಗಿ ಬರುವ ಟಿಕೆಟ್ಟು. ರೈಲಿನ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಡಿಸೆಂಬರ್‌ನಲ್ಲಿ ಕೊಂಕಣ ರೈಲ್ವೆ ಗಾಡಿಗಳಿಗೆ ಕ್ರಿಸ್‌ಮಸ್ ರಶ್ಶೂ ಇರುತ್ತದೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಮೂವತ್ತು ಸೀಟು ಒಟ್ಟಿಗೆ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಊರಿಗೆ ಕರೆದವರನ್ನೇ ಇಲ್ಲೂ ಕರೆದರೆ ಖರ್ಚು ಡಬಲ್. ಊರಿನ ಪಟ್ಟಿ, ಮುಂಬಯಿ ಪಟ್ಟಿ ಬೇರೆ ಬೇರೆ ಇಡಲು ಆಗುತ್ತದೆ ಅಂತಾದರೆ ಮಾತ್ರ ಈ ದಾರಿ ಹಿಡಿಯಿರಿ.

ಪ್ರಶ್ನೆ (ಅಂಧೇರಿಯ ಸದಸ್ಯ): ಅಣ್ಣ, ನಂದೇ ಮದುವೆ. ಅಪ್ಪನಿಗೆ ಭಾರ ಹಾಕೋದು ಬೇಡ ಅಂತ 5 ಲಕ್ಷ ಪರ್ಸನಲ್ ಲೋನ್ ತೆಗೆಯೋಣ ಅಂತಿದ್ದೇನೆ. ಮುಯ್ಯಿ ಬಂದದ್ದನ್ನು ಅದಕ್ಕೇ ಕಟ್ಟಿದರಾಯಿತು.

ಉತ್ತರ: ತಮ್ಮಾ, 12% ಬಡ್ಡಿ, 5 ವರ್ಷ ಅಂದರೆ ತಿಂಗಳಿಗೆ ಸುಮಾರು ₹11,120 ಕಂತು. ಒಟ್ಟು ಬಡ್ಡಿ ₹1.67 ಲಕ್ಷ. ಮೇಲೆ ಹೇಳಿದ ₹700ರ ಲೆಕ್ಕದಲ್ಲಿ ಅದು 225ಕ್ಕೂ ಹೆಚ್ಚು ಜನರ ಊಟ, ಯಾರೂ ಉಣ್ಣದ ಊಟ. ಮುಯ್ಯಿಯನ್ನು ಬಜೆಟ್ಟಿಗೆ ಸೇರಿಸಲೇಬೇಡ. ಎಷ್ಟು ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಬಂದದ್ದನ್ನು ನಾಳೆ ಅವರ ಮನೆ ಕಾರ್ಯಕ್ಕೆ ವಾಪಸ್ ಹಾಕಬೇಕಲ್ಲ. ಮದುವೆಗೆ ಅಂತ ಮದುಮಕ್ಕಳಿಗೆ ಬಂದ ಉಡುಗೊರೆಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ಆದರೂ ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಬರೆದಿಡಿ. ಲೋನ್ ತೆಗೆಯಲೇಬೇಕಾದರೆ ರಿಸೆಪ್ಶನ್ 150 ಜನಕ್ಕೆ ಇಳಿಸಿ, ಆಮೇಲೆ ಎಷ್ಟು ಕಡಿಮೆ ಬೀಳುತ್ತದೋ ಅಷ್ಟೇ ತೆಗಿ.

ಪ್ರಶ್ನೆ (ಮೀರಾ ರೋಡ್ ಸದಸ್ಯರು): ನಮ್ಮ ಕೇಟರಿಂಗ್‌ನವರು 3 ಲಕ್ಷ ಕ್ಯಾಶ್ ಕೊಟ್ಟರೆ ಬಿಲ್ ಬೇಡ, ಜಿ.ಎಸ್.ಟಿ. ಉಳಿಯುತ್ತದೆ ಅಂತಾರೆ. ಎರಡು ಸಲ ಒಂದೂವರೆ ಲಕ್ಷ ಕೊಟ್ಟರೆ ನಡೆಯುತ್ತದಾ?

ಉತ್ತರ: ಇಲ್ಲ ಸರ್. ಒಂದೇ ಕಾರ್ಯಕ್ರಮಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಜಾಸ್ತಿ ಕ್ಯಾಶ್ ತೆಗೆದುಕೊಳ್ಳುವ ಹಾಗಿಲ್ಲ, ಎಷ್ಟು ಸಲ ಹಂಚಿ ಕೊಟ್ಟರೂ ಅದು ಒಂದೇ ಲೆಕ್ಕ. ದಂಡ ಬೀಳುವುದು ತೆಗೆದುಕೊಂಡವರಿಗೆ. ನಿಮಗಿರುವ ತೊಂದರೆ ಬೇರೆ: ಬಿಲ್ ಇಲ್ಲದಿದ್ದರೆ ಮೆನುವಿನಲ್ಲಿ ಒಪ್ಪಿದ ಐಟಂ ಬರದಾಗ ಏನು ತೋರಿಸಿ ಕೇಳುತ್ತೀರಿ?

ಪ್ರಶ್ನೆ (ಡೊಂಬಿವಿಲಿಯ ಸದಸ್ಯೆ): ಪಟ್ಟಿ ಮಾಡಿದೆ ಅಣ್ಣ. 540 ಬಂತು, ಮೂರನೆಯ ಸಾಲೇ 210! ಚಿನ್ನವನ್ನು ಏನು ಮಾಡಲಿ? ದರ ದಿನಾ ಏರುತ್ತಿದೆ.

ಉತ್ತರ: ಚಿನ್ನದ ಲೆಕ್ಕ ರೂಪಾಯಿಯಲ್ಲಿ ಹಾಕಬೇಡಿ, ಪವನಿನಲ್ಲಿ ಹಾಕಿ. ಎಷ್ಟು ಪವನು ಅಂತ ಮನೆಯಲ್ಲಿ ಗಟ್ಟಿ ಮಾಡಿಕೊಂಡು, ಒಂದು ಪವನಿಗೆ 8 ಗ್ರಾಂ ಲೆಕ್ಕದಲ್ಲಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ತೆಗೆಯಿರಿ. ಮಜೂರಿ (ಒಡವೆ ಮಾಡುವ ಕೂಲಿ) ಶೇಕಡಾ ಎಷ್ಟು ಅಂತ ಎರಡು ಮೂರು ಅಂಗಡಿಯಲ್ಲಿ ಕೇಳಿ, ನಿಜವಾದ ಚೌಕಾಸಿ ಅಲ್ಲೇ. ಮಜೂರಿ ಸೇರಿದ ಮೇಲೆ 3% ಜಿ.ಎಸ್.ಟಿ. ಹಾಲ್‌ಮಾರ್ಕ್ ಜೊತೆ 6 ಅಕ್ಷರ-ಅಂಕಿಗಳ ಎಚ್.ಯು.ಐ.ಡಿ. (ಆ ಒಡವೆಯದ್ದೇ ಗುರುತಿನ ಸಂಖ್ಯೆ) ಇದೆಯಾ ನೋಡಿ. ನಿಮ್ಮ ಹಳೇ ಸರ ಒಡೆಸುವುದಾದರೆ ಕಲ್ಲಿನ ತೂಕ ಕಳೆದು ಎಷ್ಟು ಅಂತ ಮೊದಲೇ ಕೇಳಿ.

ಆ 540ರಲ್ಲಿ ಹುಡುಗನ ಕಡೆಯವರ ಪಟ್ಟಿಯೂ ಸೇರಿದೆಯಾ? ಇಲ್ಲದಿದ್ದರೆ ನಾಳೆಯೇ ಬೀಗರಿಗೆ ಫೋನ್ ಮಾಡಿ. ಹಾಲ್, ಊಟ ಎರಡನ್ನೂ ಅರ್ಧ ಅರ್ಧ ಅನ್ನುವ ಬದಲು ತಲೆ ಲೆಕ್ಕದಲ್ಲಿ ಹಂಚಿಕೊಳ್ಳೋಣ ಅಂತ ಹೇಳಿ, ಅವರ ಪಟ್ಟಿಯೂ ತಾನಾಗಿ ಇಳಿಯುತ್ತದೆ. ಅವರು ಏನು ಹೇಳಿದರು ಅಂತ ಇಲ್ಲೇ ಹಾಕಿ, ಆಮೇಲೆ ಹಾಲ್ ನೋಡೋಣ.