ಹಳೇ ಇ46ಗೆ ಹೊಸ ಶಾಕ್ಸ್: ಯಾರು ಏನು ಹಾಕಿಸಿದ್ದೀರಿ?

ನನ್ನದು 2003ರ ಬಿಎಂಡಬ್ಲ್ಯು 330ಸಿಐ, ಅಂದರೆ ಇ46 ಅನ್ನೋ ತಲೆಮಾರಿನ 3 ಸೀರೀಸ್ ಕಾರು. 1.4 ಲಕ್ಷ ಕಿ.ಮೀ. ಓಡಿದೆ, ಶಾಕ್ಸ್ (ಶಾಕ್ ಅಬ್ಸಾರ್ಬರ್) ಇನ್ನೂ ಕಂಪನಿಯಿಂದ ಬಂದವೇ. ದಿನಾ ಆಫೀಸಿಗೆ ಇದರಲ್ಲೇ ಹೋಗುತ್ತೇನೆ. ವೇಗದಲ್ಲಿ ಉಬ್ಬುತಗ್ಗು ಬಂದರೆ ದೋಣಿ ತರ ತೇಲುತ್ತದೆ, ಬ್ರೇಕ್ ಒತ್ತಿದರೆ ಮೂಗು ನೆಲ ನೋಡುತ್ತದೆ. ಸ್ಪ್ರಿಂಗ್ ಬದಲಿಸುವ ಯೋಚನೆ ಇಲ್ಲ. ಬಿಲ್‌ಸ್ಟೈನ್ ಕಂಪನಿಯ ಬಿ4 (ಮಾಮೂಲಿ ಶಾಕ್), ಬಿ6 (ಇನ್ನೂ ಗಟ್ಟಿ), ಕೋನಿ ಕಂಪನಿಯ ಹಳದಿ ಶಾಕ್, ಇಲ್ಲಾ ಒಂದೇ ಸಲಕ್ಕೆ ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಎರಡೂ ಸೇರಿದ, ಎತ್ತರ ಹೊಂದಿಸಬಹುದಾದ ಸೆಟ್)? ಹಾಕಿಸಿದವರು ಹೇಳಿ.

*

ಕಾಯಿಲೋವರ್ ಆಸೆ ಬಿಡಿ ಸರ್. ಅಗ್ಗದ್ದೊಂದು ಹಾಕಿಸಿ ಒಂದು ವರ್ಷ ಅನುಭವಿಸಿದ್ದೇನೆ. ನೋಡೋಕೆ ಸಕತ್ತಾಗಿತ್ತು, ಕಾರು ನೆಲಕ್ಕೆ ಅಂಟಿದ ಹಾಗೆ. ಆದರೆ ಅಷ್ಟು ಕೆಳಗಿಳಿಸಿದ ಮೇಲೆ ಶಾಕ್ ಒಳಗೆ ಹೋಗಲು ಜಾಗವೇ ಉಳಿಯಲಿಲ್ಲ. ಸಣ್ಣ ಗುಂಡಿಗೂ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒಳಗೆ ಹೋಗದಂತೆ ತಡೆಯುವ ಮೆತ್ತೆ) ಮೇಲೆ ಬಂದು ಕೂರುತ್ತಿತ್ತು. ತಿರುವಿನ ಮಧ್ಯೆ ರಸ್ತೆ ಕಿತ್ತುಹೋಗಿದ್ದರೆ ಹಿಂಭಾಗ ಪಕ್ಕಕ್ಕೆ ಹಾರುತ್ತಿತ್ತು. ಗಟ್ಟಿ ಇದ್ದಷ್ಟೂ ಹಿಡಿತ ಜಾಸ್ತಿ ಅಂದುಕೊಂಡಿದ್ದೆ. ಟೈರೇ ನೆಲ ಬಿಟ್ಟರೆ ಎಲ್ಲಿಯ ಹಿಡಿತ?

ಭಾರ ಹೊರುವುದು ಸ್ಪ್ರಿಂಗ್. ಅದು ಕುಣಿಯದಂತೆ ಹಿಡಿಯುವುದು ಶಾಕ್. ಹಾಗಾಗಿ ಸ್ಪ್ರಿಂಗ್ ಯಾವುದು ಅನ್ನೋದು ಮೊದಲು, ಶಾಕ್ ಆಮೇಲೆ. ನಿಮ್ಮದು ಕಂಪನಿ ಸ್ಪ್ರಿಂಗ್, ಅಂದರೆ ಬಿ4 ಅಥವಾ ಬಿ6. ಬಿ8 ಅನ್ನೋದು ಬಿ6ರ ಗಿಡ್ಡ ತಮ್ಮ, ತಗ್ಗಿಸಿದ ಸ್ಪ್ರಿಂಗ್‌ಗೆ ಮಾಡಿದ್ದು. ಯಾರೋ ಕಡಿಮೆಗೆ ಕೊಡುತ್ತಾರೆ ಅಂತ ಅದನ್ನು ತಗೋಬೇಡಿ.

ಈಗ ನನ್ನ ಕಾರಲ್ಲಿರುವುದು ಬಿ6. ಮೋನೊಟ್ಯೂಬ್, ಅಂದರೆ ಒಂದೇ ಕೊಳವೆಯದು, ಒಳಗೆ ಗ್ಯಾಸ್ ಒತ್ತಡ ಜಾಸ್ತಿ. ಪ್ಯಾಕಿಂಗ್ ಪಟ್ಟಿ ಕತ್ತರಿಸಿದ್ದೇ ತಡ, ಹಿಂದಿನ ಶಾಕಿನ ರಾಡ್ ತಾನಾಗೇ ಎದ್ದು ಬಂತು. ಮುಂದಿನ ಸ್ಟ್ರಟ್ಟಿನಲ್ಲಿ (ಚಕ್ರ ಹಿಡಿದಿರುವ, ಸ್ಪ್ರಿಂಗೂ ಶಾಕೂ ಸೇರಿದ ಕಂಬ) ಶಾಕ್ ತಲೆಕೆಳಗಾಗಿ ಕೂತಿರುತ್ತದೆ. ಅಲ್ಲಿ ಕಾಣುವ ದಪ್ಪ ಕೊಳವೆ ರಾಡಲ್ಲ, ಶಾಕಿನ ಮೈ. ವೇಗದಲ್ಲಿ ಆ ತೇಲಾಟ ಪೂರ್ತಿ ನಿಂತಿದೆ. ಆದರೆ ನಿಧಾನಕ್ಕೆ ಹೋಗುವಾಗ ರಸ್ತೆಯ ಒಂದೊಂದು ಬಿರುಕೂ ಸೀಟಿಗೆ ಗೊತ್ತಾಗುತ್ತದೆ. ನಿಮ್ಮ ಓಡಾಟ ಬರೀ ಟ್ರಾಫಿಕ್ಕಿನಲ್ಲೇ ಅಂದರೆ ಬಿ4 ಸಾಕು.

*

ನಾನು ಕೋನಿ ಹಳದಿ ಪಾರ್ಟಿ. ಬೇರೆ ಕಾರು, ಆದರೂ ಹೇಳುತ್ತೇನೆ. ಇದರಲ್ಲಿ ಹೊಂದಿಸೋಕೆ ಆಗುವುದು ರೀಬೌಂಡ್ ಮಾತ್ರ, ಅಂದರೆ ಸ್ಪ್ರಿಂಗ್ ವಾಪಸ್ ಬಿಚ್ಚಿಕೊಳ್ಳುವಾಗಿನ ತಡೆ. ಮುಂದೆ ಬಾನೆಟ್ ಎತ್ತಿ ತಿರುಗಿಸಬಹುದು. ನನ್ನ ಕಾರಿನ ಹಿಂದಿನವನ್ನು ಮಾತ್ರ ಬಿಚ್ಚಿ ಹೊರಗೆ ತೆಗೆದು, ರಾಡನ್ನು ಪೂರ್ತಿ ಒಳಗೆ ಒತ್ತಿ ಹಿಡಿದು ತಿರುಗಿಸಬೇಕು. ತಗೊಳ್ಳುವ ಮುಂಚೆ ಇದನ್ನು ಕೇಳಿ ತಿಳ್ಕೊಳ್ಳಿ. ಜೋಶಲ್ಲಿ ಮೊದಲ ದಿನವೇ ಪೂರ್ತಿ ಬಿಗಿ ಮಾಡಿದೆ, ಕತ್ತು ಹಿಡೀತು. ಈಗ ಅರ್ಧ ಸುತ್ತಿನಲ್ಲಿದೆ, ಎರಡು ವರ್ಷದಿಂದ ಮುಟ್ಟಿಲ್ಲ.

*

ಶಾಕ್ ಬಗ್ಗೆ ಎಲ್ಲರೂ ಹೇಳಿದ್ದಾರೆ, ರಬ್ಬರ್ ಬಗ್ಗೆ ನಾನು ಹೇಳುತ್ತೇನೆ. ಇ46ರಲ್ಲಿ ಹಿಂದಿನ ಶಾಕಿನ ಟಾಪ್ ಮೌಂಟ್ (ಶಾಕಿನ ಮೇಲ್ತುದಿಯನ್ನು ಕಾರಿನ ಮೈಗೆ ಹಿಡಿಸುವ ರಬ್ಬರಿನ ಭಾಗ) ಹೋಗುವುದು ತೀರಾ ಮಾಮೂಲಿ. ನನ್ನ ಕಾರಲ್ಲಿ ಹಿಂದೆ ಡಬ್ ಡಬ್ ಅಂತಿತ್ತು. ಡಿಕ್ಕಿ ಖಾಲಿ ಮಾಡಿದೆ, ಸ್ಟೆಪ್ನಿ ತೆಗೆದೆ, ಜಾಕಿಗೆ ಬಟ್ಟೆ ಸುತ್ತಿದೆ. ಊಹೂಂ. ಕೊನೆಗೆ ಡಿಕ್ಕಿಯ ಪಕ್ಕದ ಕಾರ್ಪೆಟ್ ಸರಿಸಿ ಮೌಂಟಿನ ಎರಡು ನಟ್ಟಿನ ಮೇಲೆ ಅಂಗೈ ಇಟ್ಟೆ, ತಮ್ಮ ಹೊರಗಿಂದ ಕಾರನ್ನು ಕುಲುಕಿದ. ಪ್ರತಿ ಸಲ ಕೈಗೆ ಪೆಟ್ಟು ಸಿಕ್ಕಿತು. ಹೊಸ ಶಾಕಿಗೆ ಹಳೇ ಮೌಂಟ್ ಹಾಕಿಸಿದರೆ ಆ ಸದ್ದು ಹಾಗೇ ಉಳಿಯುತ್ತೆ. ಮುಂದೆ ಟಾಪ್ ಮೌಂಟ್ ಬೇರಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್ ಎಲ್ಲಾ ಒಟ್ಟಿಗೇ ಹೊಸದು ತಗೊಳ್ಳಿ. ಹೇಗಿದ್ರೂ ಬಿಚ್ಚುತ್ತೀರಲ್ವಾ.

*

ನನ್ನ ತಪ್ಪು ನೀವು ಮಾಡಬೇಡಿ. ಮೇಲಿನ ನಟ್ಟು ಬಿಗಿ ಮಾಡುವಾಗ ರಾಡ್ ಸುಮ್ನೆ ಸುತ್ತುತ್ತಿತ್ತು ಅಂತ ಪ್ಲೈಯರಲ್ಲಿ ಹಿಡಿದೆ. ಆ ಹೊಳೆಯುವ ಮೈ ಮೇಲೆ ಉಗುರಿನಷ್ಟು ಗೀರು ಬಿತ್ತು, ಆರು ತಿಂಗಳಿಗೆ ಸೀಲ್ ಹರಿದು ಎಣ್ಣೆ ಸೋರಿತು. ರಾಡಿನ ತುದಿಯಲ್ಲಿ ಅದನ್ನು ಹಿಡಿಯೋಕೆ ಅಂತಲೇ ಜಾಗ ಮಾಡಿರುತ್ತಾರೆ, ಕೀಲಿ ಅಲ್ಲೇ ಕೂರಿಸಬೇಕು. ಇಂಪ್ಯಾಕ್ಟ್ ಗನ್ (ಬಡಿದು ಬಡಿದು ನಟ್ಟು ತಿರುಗಿಸುವ ಯಂತ್ರ) ಕೂಡ ಬೇಡ.

ಇನ್ನೊಂದು. ಹಿಂದಿನ ಶಾಕಿನ ಕೆಳಗಿನ ಬೋಲ್ಟನ್ನು ಕಾರು ಗಾಳಿಯಲ್ಲಿ ನೇತಾಡುವಾಗ ಕೊನೇ ಬಿಗಿ ಮಾಡಬಾರದು. ಅಲ್ಲಿರುವ ರಬ್ಬರ್ ಬುಷ್ ತಿರುಚಿಕೊಂಡೇ ಕೂತುಬಿಡುತ್ತದೆ, ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಂದ ಮೇಲೆ ಬಿಗಿ ಮಾಡಿ. ಮುಂದಿನ ಸ್ಪ್ರಿಂಗ್ ಒತ್ತುವ ಕೆಲಸ ಗೊತ್ತಿಲ್ಲದಿದ್ದರೆ ಗ್ಯಾರೇಜಿಗೆ ಕೊಡಿ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಬರುತ್ತದೆ.

*

ಸ್ಟ್ರಟ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಮರೀಬೇಡಿ. ಟೈರನ್ನೂ ಕೈಯಿಂದ ಸವರಿ ನೋಡಿ. ಉಬ್ಬುತಗ್ಗಾಗಿ ಸವೆದಿದ್ದರೆ ಹೊಸ ಶಾಕ್ ಹಾಕಿದ ಮೇಲೂ ಗುಯ್ ಅನ್ನುತ್ತಲೇ ಇರುತ್ತದೆ. ಆಗ ಶಾಕನ್ನು ಬೈಯಬೇಡಿ.

*

ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಡಿಕ್ಕಿಯ ಕಾರ್ಪೆಟ್ ಸರಿಸಿ ಕೈ ಇಟ್ಟು ನೋಡಿದೆ. ಬಲಗಡೆ ಸುಮ್ಮನಿದೆ, ಎಡಗಡೆ ಕುಟ್ಟುತ್ತಿದೆ. ಎರಡೂ ಮೌಂಟ್ ಬದಲಿಸುತ್ತೇನೆ. ನನ್ನ ಓಡಾಟ ಮುಕ್ಕಾಲು ಭಾಗ ಟ್ರಾಫಿಕ್ಕಲ್ಲೇ. ಅದಕ್ಕೆ ನಾಲ್ಕೂ ಕಡೆ ಬಿ4ಗೇ ಹೇಳಿದ್ದೇನೆ.