ಆನೆಯ ಮಿದುಳು ನಮ್ಮದಕ್ಕಿಂತ ದೊಡ್ಡದು. ಹಾಗಾದರೆ ವ್ಯತ್ಯಾಸ ಇರುವುದೆಲ್ಲಿ?

ಪ್ರಶ್ನೆ

ಮನುಷ್ಯನ ಮಿದುಳು 1.3–1.4 ಕೆ.ಜಿ. ತೂಗುತ್ತದೆ. ಆಫ್ರಿಕಾದ ಆನೆಯದು 4.5 ಕೆ.ಜಿ. ದಾಟುತ್ತದೆ, ಸ್ಪರ್ಮ್ ತಿಮಿಂಗಿಲದ್ದು 8 ಕೆ.ಜಿ. ಹತ್ತಿರ. ಮಡಿಕೆಗಳನ್ನು ನೋಡಿದರೆ ಡಾಲ್ಫಿನ್ ನಮ್ಮನ್ನು ಮೀರಿಸುತ್ತದೆ. ಮೈತೂಕಕ್ಕೆ ಹೋಲಿಸೋಣ ಅಂದರೆ ಸುಂಡಿಲಿಯೂ ನಮ್ಮಷ್ಟೇ, ಸುಮಾರು ಶೇ. 2. ಹಾಗಾದರೆ ರಚನೆಯಲ್ಲಿ ನಿಜವಾಗಿ ಬೇರೆ ಇರುವುದು ಏನು? ಮುಂಭಾಗದ ಹಾಲೆ ದೊಡ್ಡದು, ಒಳಗೆ ‘ಸರೀಸೃಪದ ಮಿದುಳು’ ಇದೆ ಅನ್ನುತ್ತಾರಲ್ಲ, ಅದು ಸರಿಯೇ?

ಉತ್ತರ 1

ತೂಕ ಬಿಡಿ, ನರಕೋಶ ಎಣಿಸಿ. ಅದಕ್ಕೊಂದು ಚೊಕ್ಕ ವಿಧಾನವಿದೆ. ಫಾರ್ಮಾಲ್ಡಿಹೈಡ್‌ನಲ್ಲಿ ಗಟ್ಟಿಮಾಡಿದ ಮಿದುಳನ್ನು ಡಿಟರ್ಜೆಂಟ್ ದ್ರಾವಣದಲ್ಲಿ ಅರೆದರೆ ಜೀವಕೋಶದ ಪೊರೆ ಒಡೆಯುತ್ತದೆ, ಕೋಶಕೇಂದ್ರ ಹಾಗೇ ಉಳಿಯುತ್ತದೆ. ದ್ರಾವಣವನ್ನು ಚೆನ್ನಾಗಿ ಕಲಕಿ, ಒಂದು ಹನಿಯಲ್ಲಿರುವ ಕೇಂದ್ರಗಳನ್ನು ಬಣ್ಣ ಹಾಕಿ ಎಣಿಸಿ, ಒಟ್ಟು ಪ್ರಮಾಣಕ್ಕೆ ಗುಣಿಸುವುದು. ಅವುಗಳಲ್ಲಿ ನರಕೋಶದ್ದು ಎಷ್ಟು ಅನ್ನುವುದನ್ನು ನರಕೋಶದ ಕೇಂದ್ರಕ್ಕೆ ಅಂಟುವ ನ್ಯೂಎನ್ ಪ್ರತಿಕಾಯ ತೋರಿಸುತ್ತದೆ. ಬ್ರೆಜಿಲ್‌ನ ನರವಿಜ್ಞಾನಿ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ತಂಡ 2009ರಲ್ಲಿ ಹೀಗೆ ಎಣಿಸಿದಾಗ ಮನುಷ್ಯನಲ್ಲಿ ಸಿಕ್ಕಿದ್ದು ಸುಮಾರು 8,600 ಕೋಟಿ. ಕಾರ್ಟೆಕ್ಸಿನಲ್ಲಿ, ಅಂದರೆ ಮಿದುಳಿನ ಮಡಿಕೆಬಿದ್ದ ಹೊರಭಾಗದಲ್ಲಿ, 1,600 ಕೋಟಿ; ಹಿಂದೆ ಕೆಳಗಿರುವ ಕಿರುಮಿದುಳಿನಲ್ಲಿ 6,900 ಕೋಟಿ.

ಆನೆಯಲ್ಲಿ ಒಟ್ಟು 25,700 ಕೋಟಿ, ಆದರೆ ಹೆಚ್ಚುಕಡಿಮೆ ಎಲ್ಲವೂ ಕಿರುಮಿದುಳಿನಲ್ಲೇ. ನಮ್ಮದರ ಎರಡು ಪಟ್ಟು ತೂಗುವ ಅದರ ಕಾರ್ಟೆಕ್ಸಿನಲ್ಲಿ ಇರುವುದು ಬರೀ 560 ಕೋಟಿ! ಕಾರಣ, ಹೆಚ್ಚಿನ ಸಸ್ತನಿಗಳಲ್ಲಿ ಮಿದುಳು ದೊಡ್ಡದಾದಂತೆ ನರಕೋಶವೂ ಹಿಗ್ಗುತ್ತದೆ. ಪ್ರೈಮೇಟ್‌ಗಳಲ್ಲಿ (ಕೋತಿ, ವಾನರ, ಮನುಷ್ಯರ ಗುಂಪು) ಅದರ ಗಾತ್ರ ಅಷ್ಟಾಗಿ ಬದಲಾಗದ್ದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ಕೋಶ ಹಿಡಿಸುತ್ತವೆ. ನಮ್ಮದು ಪ್ರೈಮೇಟ್ ಮಿದುಳೇ, ದೊಡ್ಡದು ಅಷ್ಟೆ.

ಉತ್ತರ 2

ಮುಂಭಾಗದ ಹಾಲೆಯ ಮಾತು ಅರ್ಧ ಸತ್ಯ. ಅಳತೆಯಲ್ಲಿ ದೊಡ್ಡದು ನಿಜ. ಆದರೆ ಇಡೀ ಕಾರ್ಟೆಕ್ಸಿನಲ್ಲಿ ಅದರ ಪಾಲು ನಮ್ಮಲ್ಲೂ ಚಿಂಪಾಂಜಿಯಲ್ಲೂ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಂತರ ಅಲ್ಪ. ನನ್ನ ಪ್ರಕಾರ ನೋಡಬೇಕಾದ್ದು ಸಂಪರ್ಕದ ಎಳೆಗಳನ್ನು. ಆರ್ಕ್ಯುಯೇಟ್ ಫ್ಯಾಸಿಕ್ಯುಲಸ್ ಎಂಬ ನರದೆಳೆಗಳ ಕಟ್ಟು ಮುಂಭಾಗದ ಹಾಲೆಯಿಂದ ಬಾಗಿ ಹಿಂದಕ್ಕೆ ಹೋಗುತ್ತದೆ. ಮನುಷ್ಯನಲ್ಲಿ ಅದು ಕಿವಿಯ ಪಕ್ಕದ ಕಪೋಲ ಹಾಲೆಯ ಮಧ್ಯ ಮತ್ತು ಕೆಳಭಾಗಕ್ಕೂ ದಟ್ಟವಾಗಿ ಇಳಿಯುತ್ತದೆ. ಚಿಂಪಾಂಜಿ, ಮಕಾಕ್ ಕೋತಿಗಳಲ್ಲಿ ಆ ಇಳಿತ ಬಹಳ ತೆಳು. ಪದದ ಅರ್ಥ ಮತ್ತು ವಾಕ್ಯ ರಚನೆಗೆ ದುಡಿಯುವ ಪ್ರದೇಶಗಳು ಇವೇ.

ಉತ್ತರ 3

‘ಸರೀಸೃಪದ ಮಿದುಳು’ ಕಲ್ಪನೆ ಅಮೆರಿಕದ ನರವಿಜ್ಞಾನಿ ಪಾಲ್ ಮ್ಯಾಕ್‌ಲೀನ್ ಅವರದು, ಈಗ ನಿಲ್ಲುವುದಿಲ್ಲ. ಹಳೆಯದರ ಮೇಲೆ ಹೊಸ ಪದರ ಕೂತದ್ದಲ್ಲ. ಮೂಲ ಭಾಗಗಳು ಎಲ್ಲ ಕಶೇರುಕಗಳಲ್ಲೂ ಇದ್ದು, ಒಂದೊಂದರಲ್ಲಿ ಒಂದೊಂದು ರೀತಿ ಬೆಳೆದಿವೆ. ಕಾಗೆಗೆ ಆರು ಪದರದ ಕಾರ್ಟೆಕ್ಸ್ ಇಲ್ಲ, ಆದರೂ ಅದರ ಮುಂಮಿದುಳಿನಲ್ಲಿ ನರಕೋಶಗಳು ಒತ್ತೊತ್ತಾಗಿವೆ.

ಉತ್ತರ 4

ಬೆಳೆಯುವ ಕಾಲವನ್ನೂ ಸೇರಿಸಿ. ಹುಟ್ಟುವಾಗ ನಮ್ಮ ಮಿದುಳು ವಯಸ್ಕ ಗಾತ್ರದ ಮೂರನೇ ಒಂದು ಭಾಗವೂ ಇರುವುದಿಲ್ಲ, ಚಿಂಪಾಂಜಿಯದು ಸುಮಾರು ಶೇ. 40. ಮುಂಭಾಗದ ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಕೂರುವುದು ಇಪ್ಪತ್ತರ ಹರೆಯ ಕಳೆಯುವವರೆಗೂ ನಡೆಯುತ್ತದೆ.

ಪ್ರಾಣಿಗಳ ಮಿದುಳಿಗೂ ನಮ್ಮದಕ್ಕೂ ಇರುವ ವ್ಯತ್ಯಾಸ ಮರೆತರೆ ಪ್ರಯೋಗಾಲಯದಲ್ಲಿ ಎಡವಟ್ಟಾಗುತ್ತದೆ. ಬೆಳೆಯುವ ಮಿದುಳಿನಲ್ಲಿ ನರಕೋಶಗಳು ತಮ್ಮ ಜಾಗ ಸೇರಲು ಬೇಕಾದ ಡಿಸಿಎಕ್ಸ್ ಜೀನ್ ಕೆಟ್ಟರೆ ಗಂಡುಮಗುವಿನ ಮಿದುಳು ಮಡಿಕೆಯಿಲ್ಲದೆ ನಯವಾಗಿ ಬೆಳೆದು ತೀವ್ರ ಅಪಸ್ಮಾರ ತರುತ್ತದೆ. ಇಲಿಯಲ್ಲಿ ಅದೇ ಜೀನ್ ಕೆಡಿಸಿದರೂ ಕಾರ್ಟೆಕ್ಸಿನ ಪದರಗಳು ಬಹುಮಟ್ಟಿಗೆ ನೆಟ್ಟಗೇ ಇರುತ್ತವೆ. ದೋಷ ಕಾಣುವುದು ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ.